ಶಿಗ್ಗಾವಿ ಯಾರ ಕೋಟೆಯೂ ಆಗಿರಲಿಲ್ಲ

2024ರ ನವೆಂಬರ್ 23ರ ಮಧ್ಯಾಹ್ನ ಯಾವ ಚಾನೆಲ್ ಹಾಕಿದರೂ ಒಂದೇ ಮಾತು: ಬೊಮ್ಮಾಯಿ ಕೋಟೆ ಒಡೆಯಿತು. ಶಿಗ್ಗಾವಿ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ ಅವರು ಬಿಜೆಪಿಯ ಭರತ್ ಬೊಮ್ಮಾಯಿ ಅವರನ್ನು 13,448 ಮತಗಳಿಂದ ಸೋಲಿಸಿದ್ದರು. ಭರತ್ ಅವರ ತಂದೆ ಬಸವರಾಜ ಬೊಮ್ಮಾಯಿ ಮಾಜಿ ಮುಖ್ಯಮಂತ್ರಿ, ಅಜ್ಜ ಎಸ್.ಆರ್. ಬೊಮ್ಮಾಯಿಯೂ ಮಾಜಿ ಮುಖ್ಯಮಂತ್ರಿ. ಸುದ್ದಿ ದೊಡ್ಡದಾಗಲು ಅಷ್ಟು ಸಾಕಿತ್ತು.

ನನಗೆ ಮಾತ್ರ ಆ ಕೋಟೆಯ ಮಾತು ಅವತ್ತಿನಿಂದಲೂ ಒಗ್ಗಿಲ್ಲ. ಈ ಸೀಮೆಯಲ್ಲಿ ಹುಟ್ಟಿ ಬೆಳೆದು, ಈಗ ಹುಬ್ಬಳ್ಳಿಯಲ್ಲಿದ್ದೇನೆ. ಹುಬ್ಬಳ್ಳಿ ಮಂದಿಗೆ ಶಿಗ್ಗಾವಿ ಅಂದರೆ ಹಾವೇರಿಗೋ ಬೆಂಗಳೂರಿಗೋ ಹೋಗುವಾಗ ಹೈವೇ ಪಕ್ಕದಲ್ಲಿ ಬರುವ ಊರು, ಅಷ್ಟೇ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರಿಗೆ ಅದು ಒಂದು ಮನೆತನದ ಹೆಸರು. ಆದರೆ ಈ ಕ್ಷೇತ್ರದ ಹಳೆಯ ಫಲಿತಾಂಶಗಳನ್ನು ಒಂದಾದ ಮೇಲೊಂದು ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇಲ್ಲಿನ ಜನ ಯಾವ ಪಕ್ಷಕ್ಕೂ, ಯಾವ ಮನೆಗೂ ತಮ್ಮನ್ನು ಬರೆದುಕೊಟ್ಟವರಲ್ಲ. ರಾಜ್ಯದಲ್ಲಿ ಗಾಳಿ ಒಂದು ಕಡೆ ಬೀಸಿದಾಗ ಇವರು ಇನ್ನೊಂದು ಕಡೆ ಹೋದದ್ದೇ ಜಾಸ್ತಿ.

ಮೊದಲು ಸೀಮೆಯ ಪರಿಚಯ. ವಿಧಾನಸಭೆಯ ಲೆಕ್ಕದಲ್ಲಿ ಇದು 83ನೇ ಕ್ಷೇತ್ರ. ಹೆಸರು ಶಿಗ್ಗಾವಿ, ಆದರೆ ನಮ್ಮಲ್ಲಿ ಎಲ್ಲರೂ ಹೇಳುವುದು ಶಿಗ್ಗಾವಿ-ಸವಣೂರು ಅಂತಲೇ. ತಡಸ, ದುಂಡಶಿ, ಹುಲಗೂರು, ಬಂಕಾಪುರ ಎಲ್ಲ ಇದರೊಳಗೆ ಬರುತ್ತವೆ. ಕನಕದಾಸರು ಹುಟ್ಟಿದ ಬಾಡ ಇಲ್ಲಿದೆ. ಶರೀಫಜ್ಜನ ಶಿಶುನಾಳ ಇಲ್ಲಿದೆ. ಸವಣೂರು 1948ರವರೆಗೂ ನವಾಬರ ಸಂಸ್ಥಾನವಾಗಿತ್ತು. ಮೊದಲು ಇವೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಆ ಕಡೆ ಹೋದವು. ಲಿಂಗಾಯತರು, ಮುಸ್ಲಿಮರು, ಕುರುಬರು, ಪರಿಶಿಷ್ಟರು ಎಲ್ಲರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಯಾರೋ ಒಬ್ಬರ ಬಲದ ಮೇಲೆ ಇಲ್ಲಿ ಗೆಲ್ಲಲು ಆಗುವುದಿಲ್ಲ. ಇದು ಎಲ್ಲ ಪಕ್ಷಗಳಿಗೂ ಗೊತ್ತು. ಆದರೂ ಪ್ರತಿ ಚುನಾವಣೆಗೂ ಜಾತಿ ಲೆಕ್ಕದ ಚೀಟಿ ಹಿಡಿದುಕೊಂಡೇ ಬರುತ್ತಾರೆ.

1967ರಲ್ಲಿ ಇಲ್ಲಿಂದ ಆಯ್ಕೆಯಾದವರು ಎಸ್. ನಿಜಲಿಂಗಪ್ಪ. ಆಗ ಅವರು ಮುಖ್ಯಮಂತ್ರಿ. ಚಿತ್ರದುರ್ಗದ ಕಡೆಯ ನಾಯಕರು ಇಲ್ಲಿಗೆ ಯಾಕೆ ಬಂದರು ಅನ್ನುವುದಕ್ಕೆ ಹಿನ್ನೆಲೆ ಇದೆ. 1962ರಲ್ಲಿ ಅವರು ತಮ್ಮದೇ ನೆಲದ ಹೊಸದುರ್ಗದಲ್ಲಿ ಸೋತಿದ್ದರು. ಆಗ ಎಸ್.ಆರ್. ಕಂಠಿ ಕೆಲವು ತಿಂಗಳು ಮುಖ್ಯಮಂತ್ರಿಯಾದರು. ಬಾಗಲಕೋಟೆಯಲ್ಲಿ ಸೀಟು ತೆರವು ಮಾಡಿಸಿ ನಿಜಲಿಂಗಪ್ಪನವರನ್ನು ಗೆಲ್ಲಿಸಿಕೊಂಡು ಬರಬೇಕಾಯಿತು. ಮುಂದಿನ ಸಲ ಅವರು ಶಿಗ್ಗಾವಿಗೆ ಬಂದರು. ಏಕೀಕರಣಕ್ಕೆ ದುಡಿದವರು ಅನ್ನುವ ಗೌರವ ಈ ಕಡೆ ಅವರ ಮೇಲೆ ತುಂಬಾ ಇತ್ತು. 1968ರಲ್ಲಿ ಅವರು ಕಾಂಗ್ರೆಸ್ ಅಧ್ಯಕ್ಷರಾಗಿ ದಿಲ್ಲಿಗೆ ಹೋದರು, ಮುಖ್ಯಮಂತ್ರಿ ಸ್ಥಾನ ವೀರೇಂದ್ರ ಪಾಟೀಲರಿಗೆ ಬಂತು. 1969ರಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದ ಕಾಂಗ್ರೆಸ್ ಅಧ್ಯಕ್ಷ ಇದೇ ನಿಜಲಿಂಗಪ್ಪ.

ಪಕ್ಷ ಒಡೆದ ಮೇಲೆ ನಿಜಲಿಂಗಪ್ಪನವರು ಗೆದ್ದ ಕ್ಷೇತ್ರ ಅವರ ಬಣದ ಬೆನ್ನಿಗೆ ನಿಲ್ಲಬೇಕಿತ್ತು ಅಲ್ವಾ? ನಿಲ್ಲಲಿಲ್ಲ. 1972ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದ ಗೆದ್ದವರು ಮೊಹಮ್ಮದ್ ಕಾಸಿಂಸಾಬ್ ನದಾಫ. 1978ರಲ್ಲೂ ಅವರೇ. ನದಾಫ ಅಂದರೆ ಹತ್ತಿ ಹಿಂಜುವ, ಗಾದಿ ಹೊಲಿಯುವ ಸಮುದಾಯ. ನಮ್ಮ ಹಳ್ಳಿಗಳಲ್ಲಿ ಸಂಖ್ಯೆಯೂ ಕಡಿಮೆ, ಹೊಲವೂ ಕಡಿಮೆ. ಅಂಥ ಹೆಸರಿನ ಒಬ್ಬರನ್ನು ಈ ಕ್ಷೇತ್ರ ಮುಖ್ಯಮಂತ್ರಿ ಕೂತಿದ್ದ ಸೀಟಿನಲ್ಲಿ ಕೂರಿಸಿತು. 2024ರಲ್ಲಿ ಪಠಾಣ ಗೆದ್ದಾಗ ಇದೇನೋ ಹೊಸದು ಅನ್ನುವ ಹಾಗೆ ಮಾತಾಡಿದವರು ಈ ಹಿಂದಿನ ಪುಟ ತಿರುವಿ ನೋಡಬೇಕಿತ್ತು. ಲೋಕಸಭೆಯಲ್ಲೂ ಹಾಗೇ. ಶಿಗ್ಗಾವಿ ಸೇರಿದ್ದ ಧಾರವಾಡ ದಕ್ಷಿಣ ಕ್ಷೇತ್ರದಿಂದ ಎಫ್.ಎಚ್. ಮೊಹಸಿನ್, ಅಜೀಜ್ ಸೇಠ್, ಬಿ.ಎಂ. ಮುಜಾಹಿದ್, ಐ.ಜಿ. ಸನದಿ ಹೀಗೆ ದಶಕಗಳ ಕಾಲ ಮುಸ್ಲಿಂ ಸಂಸದರು ಆರಿಸಿ ಹೋದರು. ಅವರಿಗೆ ಮತ ಹಾಕಿದವರಲ್ಲಿ ಹೆಚ್ಚಿನವರು ಹಿಂದೂಗಳೇ ಆಗಿದ್ದರು. ಇಲ್ಲದಿದ್ದರೆ ಗೆಲ್ಲಲು ಸಾಧ್ಯವೇ ಇರಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. 1985. ರಾಮಕೃಷ್ಣ ಹೆಗಡೆ ಅಲೆ. ಜನತಾ ಪಕ್ಷಕ್ಕೆ 139 ಸೀಟು. ಆ ಚುನಾವಣೆಯಲ್ಲಿ ಶಿಗ್ಗಾವಿ ಹೆಗಡೆಯವರ ಪಕ್ಷಕ್ಕೂ ಒಲಿಯಲಿಲ್ಲ, ಕಾಂಗ್ರೆಸ್ಸಿಗೂ ಒಲಿಯಲಿಲ್ಲ. ನೀಲಕಂಠಗೌಡ ಪಾಟೀಲ ಅನ್ನುವ ಪಕ್ಷೇತರರನ್ನು ಗೆಲ್ಲಿಸಿತು.

ಪಕ್ಷೇತರ ಗೆಲ್ಲುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಪಕ್ಷದವರ ಗುರುತು ಜನರ ಕಣ್ಣಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಪಕ್ಷೇತರನಿಗೆ ಗುರುತು ಸಿಗುವುದೇ ನಾಮಪತ್ರ ವಾಪಸ್ ತೆಗೆದುಕೊಳ್ಳುವ ದಿನ ಮುಗಿದ ಮೇಲೆ. ಆಗಿನ ಕಾಯ್ದೆಯಲ್ಲಿ ಅಲ್ಲಿಂದ ಮತದಾನಕ್ಕೆ ಸುಮಾರು ಮೂರು ವಾರ. ಅಷ್ಟರಲ್ಲಿ ಆ ಹೊಸ ಗುರುತನ್ನು ಊರೂರಿಗೆ, ಓಣಿ ಓಣಿಗೆ, ಓದು ಬಾರದ ಅಜ್ಜಿಯರವರೆಗೆ ತಲುಪಿಸಬೇಕು. ಫೋನಿಲ್ಲ, ವಾಟ್ಸ್‌ಆ್ಯಪ್ ಇಲ್ಲ. ಗೋಡೆಗೆ ಸುಣ್ಣ ಬಳಿದು ಕಾವಿಯಲ್ಲಿ ಬರೆಯಬೇಕು. ಎತ್ತಿನ ಗಾಡಿ, ಸೈಕಲ್, ಒಂದೆರಡು ಜೀಪು. ಕೂಗಿ ಹೇಳಬೇಕು.

ಅಪ್ಪ ಸಾಲಿ ಮಾಸ್ತರು. ಆ ಸಲ ಹುಲಗೂರ ಕಡೆಯ ಒಂದು ಹಳ್ಳಿಯ ಬೂತಿನಲ್ಲಿ ಅವರಿಗೆ ಡ್ಯೂಟಿ. ಒಬ್ಬ ಮುದುಕಿ ಒಳಗೆ ಬಂದಳಂತೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಮತಪತ್ರ ಇಸಿದುಕೊಂಡು, ನಿಂತಲ್ಲೇ ನಿಂತಳು. ಅಂಗೈ ನೋಡಿಕೊಂಡಳು. ಮೊಮ್ಮಗ ಮುಂಜಾನೆ ಇದ್ದಿಲಿನಿಂದ ಅಂಗೈ ಮೇಲೆ ಗುರುತು ಬರೆದು ಕಳಿಸಿದ್ದ. ಮಾರ್ಚ್ ತಿಂಗಳ ಬಿಸಿಲಲ್ಲಿ ಸಾಲಿನಲ್ಲಿ ನಿಂತು ಬೆವರಿಗೆ ಅದು ಅಳಿಸಿ ಹೋಗಿತ್ತು. "ಮಾಸ್ತರಾ, ಗೌಡ್ರ ಗುರ್ತು ಯಾವದೋ ಯಪ್ಪಾ?" ಅಂತ ಅಪ್ಪನನ್ನೇ ಕೇಳಿದಳು. ಅಪ್ಪನಿಗೆ ಬಾಯಿ ಬಿಡುವ ಹಾಗಿಲ್ಲ. ಏಜೆಂಟರೆಲ್ಲ ಕೂತು ನೋಡುತ್ತಿದ್ದಾರೆ. "ಅದನ್ನ ನಾ ಹೇಳಂಗಿಲ್ಲವಾ, ನಿನಗ ತಿಳಿದದ್ದಕ್ಕ ಒತ್ತು" ಅಂದರು. ಅವಳು ಅಂಗೈಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಆಮೇಲೆ ಮತಪತ್ರದ ಮೇಲಿನ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಬಹಳ ಹೊತ್ತು ಮರೆಯ ಹಿಂದೆ ನಿಂತಿದ್ದಳಂತೆ. ಹೊರಗೆ ಸಾಲಿನಲ್ಲಿದ್ದವರು ಗುಣುಗಿದರೂ ಅವಳು ಅವಸರ ಮಾಡಲಿಲ್ಲ. ಅಪ್ಪ ಈ ಕತೆ ಹೇಳುವಾಗಲೆಲ್ಲ ಆ ಮುದುಕಿ ಕಾಗದ ಮಡಚಿದ ರೀತಿಯನ್ನು ಕೈಯಲ್ಲೇ ಮಾಡಿ ತೋರಿಸುತ್ತಿದ್ದರು. ಉದ್ದಕ್ಕೆ ಒಂದು ಮಡಿಕೆ, ಅಡ್ಡಕ್ಕೆ ಒಂದು ಮಡಿಕೆ, ಮೇಲೆ ಉಗುರಿನಿಂದ ಒಂದು ಗೆರೆ.

ಅವಳ ಮತ ಯಾರಿಗೆ ಬಿತ್ತೋ, ಅದು ಅವಳದ್ದು. ಪಕ್ಷದ ಬೆನ್ನಿಲ್ಲದ ಒಬ್ಬರನ್ನು ಗೆಲ್ಲಿಸಲು ಒಂದು ಕ್ಷೇತ್ರ ಎಷ್ಟು ಕಷ್ಟಪಡುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಮಾತ್ರ ಅವಳಿಂದ. ಬರೀ ಗೌಡಿಕೆಯ ದರ್ಪದಿಂದ ಗೆದ್ದರು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ದರ್ಪಕ್ಕೆ ಹೆದರಿ ಬಂದವರು ಅಷ್ಟು ಹೊತ್ತು ನಿಂತು ಹುಡುಕುವುದಿಲ್ಲ.

1989ರಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತು. ಶಿಗ್ಗಾವಿಯೂ ಅದರಲ್ಲಿ ಒಂದು. ಗೆದ್ದವರು ಮಂಜುನಾಥ ಕುನ್ನೂರ. ಅದು ಗಾಳಿ ಅನ್ನೋಣ. ಆದರೆ 1994ರಲ್ಲಿ ಕಾಂಗ್ರೆಸ್ ನೆಲಕಚ್ಚಿ 34ಕ್ಕೆ ಇಳಿದಾಗಲೂ ಕುನ್ನೂರರು ಇಲ್ಲಿ ಗೆದ್ದರು. ಐದು ವರ್ಷ ಬಿಟ್ಟು 1999ರಲ್ಲಿ ಎಸ್.ಎಂ. ಕೃಷ್ಣ ನೇತೃತ್ವದಲ್ಲಿ ಕಾಂಗ್ರೆಸ್ 132 ಸೀಟಿನೊಂದಿಗೆ ಅಧಿಕಾರಕ್ಕೆ ಬಂದಾಗ ಇಲ್ಲಿನ ಜನ ಕಾಂಗ್ರೆಸ್ಸನ್ನು ಕೈಬಿಟ್ಟು ಜೆಡಿಎಸ್‌ನ ಸೈಯದ್ ಅಜ್ಜಂಪೀರ್ ಖಾದ್ರಿ ಅವರನ್ನು ಆರಿಸಿದರು. ಇಡೀ ರಾಜ್ಯದಲ್ಲಿ ಜೆಡಿಎಸ್‌ಗೆ ಬಂದದ್ದು 10 ಸೀಟು. ದೇವೇಗೌಡರ ಹಳೇ ಮೈಸೂರಿನಿಂದ ಇಷ್ಟು ದೂರದಲ್ಲಿ ಅದರಲ್ಲೊಂದು ಸೀಟು!

1999 ಮತ್ತು 2004ರಲ್ಲಿ ವಿಧಾನಸಭೆ, ಲೋಕಸಭೆ ಎರಡಕ್ಕೂ ಒಟ್ಟಿಗೇ ಮತದಾನ. 1999ರಲ್ಲಿ ವಿಧಾನಸಭೆಗೆ ಇಲ್ಲಿ ಜೆಡಿಎಸ್, ಲೋಕಸಭೆಗೆ ಧಾರವಾಡ ದಕ್ಷಿಣದಲ್ಲಿ ಕಾಂಗ್ರೆಸ್ಸಿನ ಸನದಿ. 2004ರಲ್ಲಿ ವಿಧಾನಸಭೆಗೆ ಮತ್ತೆ ಪಕ್ಷೇತರ, ರಾಜಶೇಖರ ಸಿಂಧೂರ. ಲೋಕಸಭೆಗೆ ಬಿಜೆಪಿ. ಆ ಬಿಜೆಪಿ ಅಭ್ಯರ್ಥಿ ಯಾರು? ಕಾಂಗ್ರೆಸ್ಸಿನಿಂದ ಶಿಗ್ಗಾವಿ ಶಾಸಕರಾಗಿದ್ದ ಅದೇ ಮಂಜುನಾಥ ಕುನ್ನೂರ. ಪಕ್ಷದ ನಿಷ್ಠೆ ಅನ್ನುವುದು ಇಲ್ಲಿ ನಾಯಕರಿಗೂ ಇರಲಿಲ್ಲ, ಜನರಿಗೂ ಬೇಕಾಗಿರಲಿಲ್ಲ. ಸಿಂಧೂರರ ಹೊತ್ತಿಗೆ ಪ್ರಚಾರದ ಅವಧಿ ಎರಡು ವಾರಕ್ಕೆ ಇಳಿದಿತ್ತು. ಮತಯಂತ್ರ ಬಂದಿತ್ತು. ಆದರೂ ಪಕ್ಷೇತರರೊಬ್ಬರು ಗೆದ್ದರು.

ಇಷ್ಟೆಲ್ಲ ಆದ ಮೇಲೆ ಬಂದವರು ಬಸವರಾಜ ಬೊಮ್ಮಾಯಿ. ಅವರ ತಂದೆ ಎಸ್.ಆರ್. ಬೊಮ್ಮಾಯಿ ಹುಟ್ಟಿದ್ದು ಈ ಸೀಮೆಯ ಕಾರಡಗಿಯಲ್ಲಿ. ಆದರೆ ರಾಜಕೀಯ ಬೆಳೆದದ್ದು ಹುಬ್ಬಳ್ಳಿಯಲ್ಲಿ, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಲ್ಲಿ. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಅದರ ವಿರುದ್ಧ ಅವರು ಹೂಡಿದ ಮೊಕದ್ದಮೆಯ ತೀರ್ಪು 1994ರ ಮಾರ್ಚಿನಲ್ಲಿ ಬಂತು. ಸರ್ಕಾರದ ಬಹುಮತ ತೀರ್ಮಾನವಾಗಬೇಕಾದದ್ದು ಸದನದೊಳಗೆ, ರಾಜಭವನದಲ್ಲಲ್ಲ ಅನ್ನುವುದನ್ನು ಇಡೀ ದೇಶಕ್ಕೆ ಕೊಟ್ಟ ತೀರ್ಪು ಅದು. ನಮ್ಮ ಸೀಮೆಯ ಮನುಷ್ಯನ ಹೆಸರು ಸಂವಿಧಾನ ಓದುವ ಪ್ರತಿ ವಿದ್ಯಾರ್ಥಿಯ ಬಾಯಲ್ಲಿದೆ ಅನ್ನುವುದು ನನಗೆ ನಿಜವಾಗಿಯೂ ಹೆಮ್ಮೆ. ಆದರೆ ಅದೇ ವರ್ಷದ ಚುನಾವಣೆಯಲ್ಲಿ ಮಗ ಬಸವರಾಜ ಹುಬ್ಬಳ್ಳಿ ಗ್ರಾಮೀಣದಲ್ಲಿ ಜಗದೀಶ ಶೆಟ್ಟರ್ ಎದುರು ಸೋತರು. ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ವಿಷಯಕ್ಕೆ ಎದ್ದ ಗಲಾಟೆ, ಆ ಆಗಸ್ಟ್ 15ರ ಗೋಲಿಬಾರ್, ಎಲ್ಲ ಸೇರಿ ಹುಬ್ಬಳ್ಳಿಯ ರಾಜಕೀಯವೇ ಬದಲಾಗಿಬಿಟ್ಟಿತ್ತು. ಆಮೇಲೆ ಬೊಮ್ಮಾಯಿ ವಿಧಾನ ಪರಿಷತ್ತಿನಲ್ಲಿದ್ದರು. 2008ರಲ್ಲಿ ಜನತಾ ಪರಿವಾರ ಬಿಟ್ಟು ಬಿಜೆಪಿ ಸೇರಿ ಶಿಗ್ಗಾವಿಗೆ ಬಂದು ಗೆದ್ದರು. ಇಲ್ಲಿ ಬಿಜೆಪಿ ವಿಧಾನಸಭೆಗೆ ಖಾತೆ ತೆರೆದದ್ದೇ ಆಗ.

ಈಗ ಅಂಕಿಗಳನ್ನು ನೋಡಿ. 2008ರಲ್ಲಿ ಗೆಲುವಿನ ಅಂತರ 12,862. 2013ರಲ್ಲಿ 9,503. 2018ರಲ್ಲಿ 9,265. ಮೂರೂ ಸಲ ಎದುರಿಗಿದ್ದವರು, ಅಷ್ಟರಲ್ಲಿ ಕಾಂಗ್ರೆಸ್ಸಿಗೆ ಬಂದಿದ್ದ ಖಾದ್ರಿ. 2018ರಲ್ಲಿ ಬೊಮ್ಮಾಯಿಗೆ 83,868, ಖಾದ್ರಿಗೆ 74,603. ಒಂದು ಊರಿನ ಎರಡು ಓಣಿಯವರು ಮನಸ್ಸು ಬದಲಿಸಿದರೆ ಫಲಿತಾಂಶ ಅಲ್ಲಾಡುವ ಅಂತರ ಇದು. ಮೂರು ಸಲ ಸೋತ ಖಾದ್ರಿಗೆ ಪ್ರತಿ ಸಲ ಮತ ಹೆಚ್ಚುತ್ತಲೇ ಹೋಯಿತು: 50,918, ಆಮೇಲೆ 63,504, ಆಮೇಲೆ 74,603. ಇಂಥ ಜಾಗವನ್ನು ಕೋಟೆ ಅಂದರೆ ಆ ಮುಕ್ಕಾಲು ಲಕ್ಷ ಜನರನ್ನು ಇಲ್ಲವೇ ಇಲ್ಲ ಅಂದ ಹಾಗಾಗುತ್ತದೆ.

ಬೊಮ್ಮಾಯಿಯವರ ಗೆಲುವು ಸುಮ್ನೆ ಬಂದದ್ದು ಅಂತ ನಾನು ಹೇಳುತ್ತಿಲ್ಲ. ಅವರು ಕೆಲಸ ಮಾಡಿದರು. ಜಲಸಂಪನ್ಮೂಲ ಸಚಿವರಾಗಿದ್ದಾಗ ವರದಾ ನದಿಯಿಂದ ನೀರೆತ್ತುವ ಏತ ನೀರಾವರಿಗೆ ಬೆನ್ನು ಹತ್ತಿದರು. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. 2012ರ ಕೊನೆಯಲ್ಲಿ ಯಡಿಯೂರಪ್ಪ ಕೆಜೆಪಿ ಅನ್ನುವ ಬೇರೆ ಪಕ್ಷ ಕಟ್ಟಿದಾಗ ಅವರ ಹಿಂದೆ ಹೋಗದೆ ಬಿಜೆಪಿಯಲ್ಲೇ ಉಳಿದರು. 2013ರಲ್ಲಿ ಹಾವೇರಿ ಜಿಲ್ಲೆಯ ಆರು ಸೀಟುಗಳಲ್ಲಿ ಬಿಜೆಪಿಗೆ ಸಿಕ್ಕದ್ದು ಇದೊಂದೇ. 2023ರಲ್ಲೂ ಅದೇ ಕತೆ. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135, ಜಿಲ್ಲೆಯ ಆರರಲ್ಲಿ ಐದು ಕಾಂಗ್ರೆಸ್ಸಿಗೆ, ಶಿಗ್ಗಾವಿ ಮಾತ್ರ ಬೊಮ್ಮಾಯಿಗೆ. ಅದೂ 35,978ರ ಅಂತರದಲ್ಲಿ. ಆಗ ಅವರು ಮುಖ್ಯಮಂತ್ರಿ. ನಿಜಲಿಂಗಪ್ಪನವರ ನಂತರ ಅರ್ಧ ಶತಮಾನ ಕಳೆದ ಮೇಲೆ ಕ್ಷೇತ್ರಕ್ಕೆ ಮತ್ತೆ ಮುಖ್ಯಮಂತ್ರಿ ಸಿಕ್ಕಿದ್ದರು. ಜನ ಅದನ್ನು ಬಿಟ್ಟುಕೊಡಲಿಲ್ಲ. ಕಿಚ್ಚ ಸುದೀಪ್ ಬಂದು ಪ್ರಚಾರ ಮಾಡಿದ್ದರಿಂದ ಗೆದ್ದರು ಅನ್ನುವ ಮಾತನ್ನು ನಾನು ಹೆಚ್ಚು ನಂಬುವುದಿಲ್ಲ. ಸುದೀಪ್ ನೋಡಲು ಬಂದ ಹುಡುಗರಲ್ಲಿ ಎಷ್ಟೋ ಜನಕ್ಕೆ ಇನ್ನೂ ಮತವೇ ಇರಲಿಲ್ಲ.

2024ರ ಜೂನಿನಲ್ಲಿ ಬೊಮ್ಮಾಯಿ ಲೋಕಸಭೆಗೆ ಹೋದರು, ಹಾವೇರಿ ಸಂಸದರಾಗಿ. ಹೊರಗಿನವರಿಗೆ ಗೊತ್ತಿಲ್ಲದ ವಿಚಿತ್ರ ಏನೆಂದರೆ, ಶಿಗ್ಗಾವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಅದು ಧಾರವಾಡ ಕ್ಷೇತ್ರಕ್ಕೆ ಸೇರಿದೆ. ಅಂದರೆ ನಾಲ್ಕು ಸಲ ತಮ್ಮನ್ನು ಶಾಸಕರನ್ನಾಗಿ ಮಾಡಿದ ಜನರಿಗೆ ಅವರು ಈಗ ಸಂಸದರೂ ಅಲ್ಲ. ಈ ಜನರ ಸಂಸದರು ಪ್ರಲ್ಹಾದ ಜೋಶಿ. ಉಪಚುನಾವಣೆಯ ಮಾತುಕತೆಯಲ್ಲಿ ಇದು ಚಿಕ್ಕ ವಿಷಯವಾಗಿರಲಿಲ್ಲ. "ಸಾಹೇಬ್ರು ಈಗ ನಮ್ಮವರಲ್ಲ ಹಂಗಾರ" ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಿರಿಯರು ಹೇಳುವುದನ್ನು ಕೇಳಿದ್ದೇನೆ.

ಆ ದಿನಗಳಲ್ಲಿ ಸವಣೂರಿಗೂ ಹೋಗಿದ್ದೆ. ಸವಣೂರಿನ ವೀಳ್ಯದೆಲೆ ನಮ್ಮ ಕಡೆ ಹೆಸರುವಾಸಿ. ಎಲೆ ಮಾರುವ ಒಬ್ಬ ಹಿರಿಯರು ನನಗೆ ಹಳೆಯ ಪರಿಚಯ. ಮತ ಯಾರಿಗೆ ಅಂತ ಕೇಳುವುದು ಸರಿಯಲ್ಲ. "ಈ ಸಲ ಹವಾ ಹೆಂಗೈತ್ರಿ ಕಾಕಾ?" ಅಂದೆ. ಅವರು ಒದ್ದೆ ಗೋಣಿಚೀಲದ ಮೇಲಿನ ಎಲೆಗಳನ್ನು ತೆಗೆದು, ತೊಟ್ಟು ಸಮ ಮಾಡಿ, ಕೊಳೆತದ್ದನ್ನು ಬೇರೆ ಇಡುತ್ತಾ ಹೇಳಿದರು: "ಹವಾ ಗಿವಾ ಎಲ್ಲಾ ಬೆಂಗಳೂರಾಗ್ರಿ. ಇಲ್ಲಿ ಏನಿದ್ರೂ ಮಣ್ಣಿಗೆ ಯಾರು ಬಂದಿದ್ರು, ದವಾಖಾನಿಗೆ ಯಾರು ಫೋನ್ ಹಚ್ಚಿದ್ರು, ಅದ ನೋಡ್ತಾರ ಮಂದಿ. ಸೋತ ಮ್ಯಾಲೂ ಬಂದಾನೋ ಇಲ್ಲೋ, ಅದನ್ನ ಜಾಸ್ತಿ ನೋಡ್ತಾರ." 2023ರಲ್ಲಿ ಸೋತ ಪಠಾಣ ಊರು ಬಿಟ್ಟು ಹೋಗಿರಲಿಲ್ಲ. ಹೇಳಬೇಕಾದ್ದನ್ನು ಅವರು ಹೆಸರೆತ್ತದೆ ಹೇಳಿದ್ದರು.

ಚುನಾವಣೆ ಶಾಂತವಾಗಿಯೇನೂ ಶುರುವಾಗಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ವಕ್ಫ್ ಆಸ್ತಿಯ ಸುದ್ದಿ ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ತೂರಿದರು. ಹುಬ್ಬಳ್ಳಿಯಲ್ಲಿ 1994 ನೋಡಿದ ನಮಗೆಲ್ಲ ಎದೆ ಧಸಕ್ ಅಂದಿತು. ಇನ್ನೊಂದು ಕಡೆ ಟಿಕೆಟ್ ಸಿಗದ ಖಾದ್ರಿ ಪಕ್ಷೇತರರಾಗಿ ನಾಮಪತ್ರ ಹಾಕಿದರು, ಆಮೇಲೆ ವಾಪಸ್ ತೆಗೆದುಕೊಂಡರು. ನವೆಂಬರ್ 13ಕ್ಕೆ ಮತದಾನ ಶೇ 80 ದಾಟಿತು.

ಪಠಾಣರಿಗೆ ಬಂದದ್ದು 1,00,756. ಭರತ್‌ಗೆ 87,308. ಹಿಂದಿನ ವರ್ಷ ಬಸವರಾಜ ಬೊಮ್ಮಾಯಿಗೆ ಬಂದದ್ದು 1,00,016, ಪಠಾಣರಿಗೆ 64,038. ಬಿಜೆಪಿಯಿಂದ ಹೋದದ್ದು 12,708 ಮತ. ಪಠಾಣರಿಗೆ ಹೆಚ್ಚಿದ್ದು 36,718. ಅಂದರೆ ಬಿಜೆಪಿ ಕಳೆದುಕೊಂಡದ್ದಕ್ಕಿಂತ ಸುಮಾರು ಮೂರು ಪಟ್ಟು. ಹಿಂದಿನ ಸಲ ಬೇರೆಯವರಿಗೆ ಹಾಕಿದವರು, ಮನೆಯಲ್ಲೇ ಉಳಿದವರು ಈ ಸಲ ಬಂದು ಒತ್ತಿದ್ದಾರೆ. ಗೃಹಲಕ್ಷ್ಮಿಯ ಎರಡು ಸಾವಿರ, ಬಸ್ಸಿನ ಉಚಿತ ಟಿಕೆಟ್ ಇದರಲ್ಲಿ ಕೆಲಸ ಮಾಡಿವೆ ಅಂತ ನನಗನಿಸುತ್ತದೆ. ಬಿಜೆಪಿ ಟಿಕೆಟ್ ತಮಗೆ ಸಿಗಬೇಕಿತ್ತು ಅನ್ನುವ ಪಂಚಮಸಾಲಿ ಲಿಂಗಾಯತ ಮುಖಂಡರ ಬೇಸರವೂ ಇತ್ತು. ಆದರೆ 64 ಸಾವಿರ 1 ಲಕ್ಷ ಆಗಬೇಕಾದರೆ ಒಂದು ಸಮುದಾಯದ ಮತ ಸಾಲದು. ಕಡಕೋಳದ ಗಲಾಟೆಯಾಗಿ ಎರಡೇ ವಾರಕ್ಕೆ ಹಿಂದೂಗಳು ದೊಡ್ಡ ಸಂಖ್ಯೆಯಲ್ಲಿ ಒಬ್ಬ ಪಠಾಣನಿಗೆ ಮತ ಹಾಕಿದರು. ಟಿವಿಯವರು ಸುದ್ದಿ ಮಾಡಬೇಕಿದ್ದದ್ದು ಇದನ್ನು. ಮಗ ಸೋತ, ಮನೆತನ ಸೋತಿತು ಅನ್ನುವುದರಲ್ಲೇ ಅವತ್ತಿನ ಸಂಜೆ ಮುಗಿಸಿಬಿಟ್ಟರು.

ಆ ಫಲಿತಾಂಶದಿಂದ ಹಾವೇರಿ ಜಿಲ್ಲೆಯ ಆರಕ್ಕೆ ಆರೂ ಕಾಂಗ್ರೆಸ್ಸಿನದ್ದಾದವು. ಇದನ್ನೂ ಯಾರಾದರೂ ಕೋಟೆ ಅಂತ ಕರೆದಾರು. ಪಠಾಣರಿಗೆ ಸಿಕ್ಕಿರುವುದು 2028ರವರೆಗಿನ ಸಮಯ. ಅಷ್ಟರಲ್ಲಿ ಏತ ನೀರಾವರಿಯ ಪೈಪಿನಲ್ಲಿ ಕೊನೆಯ ಹೊಲದವರೆಗೂ ನೀರು ಬರುತ್ತದೋ ಇಲ್ಲವೋ, ಸವಣೂರಿನ ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರ್ ಸಿಗುತ್ತಾರೋ ಇಲ್ಲವೋ, ಓದಿದ ಹುಡುಗರು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಕೆಲಸ ಹುಡುಕಿ ಬರುವುದು ತಪ್ಪುತ್ತದೋ ಇಲ್ಲವೋ, ಜನ ನೋಡುತ್ತಾರೆ.

ಒಂದು ಕೋರಿಕೆ. ನಿಜಲಿಂಗಪ್ಪ, ಬೊಮ್ಮಾಯಿ ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನದಾಫರ ಬಗ್ಗೆ, ಆ ಇಬ್ಬರು ಪಕ್ಷೇತರರ ಬಗ್ಗೆ ಬರೆದವರು ತೀರಾ ಕಡಿಮೆ. 1985ರಲ್ಲಿ ಗೋಡೆಗೆ ಕಾವಿ ಬಳಿದವರು, ಗಾಡಿ ಹೂಡಿಕೊಂಡು ಕೂಗುತ್ತಾ ಹೋದವರು ಈಗ ಅರವತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಕಾಕಾ, ದೊಡ್ಡಪ್ಪ, ಅತ್ತಿ ಯಾರಾದರೂ ಇದ್ದರೆ ಈ ದೀಪಾವಳಿಗೆ ಊರಿಗೆ ಹೋದಾಗ ಪಕ್ಕದಲ್ಲಿ ಕೂತು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರ ಪರ ಓಡಾಡಿದ್ರಿ, ಯಾಕೆ ಓಡಾಡಿದ್ರಿ, ಊಟ ಎಲ್ಲಿ ಮಾಡ್ತಿದ್ರಿ, ಜಗಳ ಯಾರ ಜೊತೆ ಆಯ್ತು, ಎಲ್ಲ ಕೇಳಿ. ಹೆಂಗಸರನ್ನು ಬಿಡಬೇಡಿ, ಅವರನ್ನು ಇದನ್ನೆಲ್ಲ ಯಾರೂ ಕೇಳಿಯೇ ಇಲ್ಲ.